‘ಈಜಿಪ್ಟ್’ ಆಲ್ಬಮ್ ಮತ್ತು ಅದನ್ನು ಒಲ್ಲದ ತವರು

ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದ ಗಾಯಕ ಯೂಸು ಎನ್‌ಡೂರ್ ಅವರು 2004ರಲ್ಲಿ ಹೊರತಂದ ‘ಈಜಿಪ್ಟ್’ ಎಂಬ ಆಲ್ಬಮ್ಮಿಗೆ ಯುರೋಪ್ ಮತ್ತು ಅಮೆರಿಕದ ವಿಮರ್ಶಕರು ಮೆಚ್ಚುಗೆಯ ಮಳೆಗರೆಯುತ್ತಿದ್ದ ಕಾಲದಲ್ಲಿಯೇ, ಅವರ ತವರಾದ ಡಕಾರ್ ನಗರದಲ್ಲಿ ಅಂಗಡಿಗಳವರು ಅದೇ ಹಾಡುಗಳ ಕ್ಯಾಸೆಟ್ಟುಗಳನ್ನು ಮಾರಲೊಪ್ಪದೆ ಹಿಂದಿರುಗಿಸಿದರು. ಹೊರಗಿನವರ ಉದಾರತೆ, ಒಳಗಿನವರ ಸಂಕುಚಿತತೆ ಎಂದು ಈ ವೈರುಧ್ಯವನ್ನು ವಿವರಿಸುವುದು ಸುಲಭ. ಆದರೆ ಆ ಹಾಡುಗಳ ಮಾತು ಯಾರನ್ನು ಕುರಿತದ್ದು, ಅದನ್ನು ಎಲ್ಲಿ ಹಾಡಬಹುದು, ಯಾರು ಹಾಡಬಹುದು ಎಂಬ ಪ್ರಶ್ನೆಗಳು ಮೆಚ್ಚಿದವರ ಬಳಿ ಇರಲಿಲ್ಲ, ತಿರಸ್ಕರಿಸಿದವರ ಬಳಿ ಇದ್ದವು ಎಂಬುದನ್ನು ಗಮನಿಸಿದರೆ ಆ ವಿವರಣೆ ಸಾಲದೆನಿಸುತ್ತದೆ.

1959ರಲ್ಲಿ ಡಕಾರ್‌ನಲ್ಲಿ ಹುಟ್ಟಿದ ಎನ್‌ಡೂರ್ ಅವರು ತಾಯಿಯ ಕಡೆಯಿಂದ ಗ್ರಿಯೋ ಮನೆತನಕ್ಕೆ ಸೇರಿದವರು. ಗ್ರಿಯೋಗಳೆಂದರೆ ವಂಶಾವಳಿಯನ್ನು ನೆನಪಿನಲ್ಲಿಟ್ಟು, ಮದುವೆ ಮತ್ತು ನಾಮಕರಣಗಳಲ್ಲಿ ಮನೆತನಗಳ ಕೀರ್ತಿಯನ್ನು ಹಾಡಿ ಕಾಣಿಕೆ ಪಡೆಯುವ, ಪಶ್ಚಿಮ ಆಫ್ರಿಕದ ಪರಂಪರಾಗತ ಗಾಯಕರು. ಕ್ಯೂಬಾದ ನೃತ್ಯಸಂಗೀತವನ್ನು ಅನುಕರಿಸುತ್ತಿದ್ದ ಡಕಾರ್‌ನ ವಾದ್ಯತಂಡಗಳು 1970ರ ದಶಕದಲ್ಲಿ ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದು ಬರಿಗೈಯಿಂದ ನುಡಿಸುವ ಸಬಾರ್ ಎಂಬ ಮದ್ದಳೆಯನ್ನೂ, ಕಂಕುಳಲ್ಲಿ ಅವುಚಿ ಬಾರಿಸುವ ತಾಮಾ ಎಂಬ ಸಣ್ಣ ವಾದ್ಯವನ್ನೂ ಬಳಸಿಕೊಂಡು, ಸ್ಪ್ಯಾನಿಷ್ ಬಿಟ್ಟು ವೋಲೋಫ್ ಭಾಷೆಯಲ್ಲಿ ಹಾಡತೊಡಗಿದಾಗ ರೂಪುಗೊಂಡ ಜನಪ್ರಿಯ ಶೈಲಿಗೆ ಎಂಬಲಾಖ್ ಎಂದು ಹೆಸರು. ಎನ್‌ಡೂರ್ ಅವರ ಕಂಠ ಈ ಶೈಲಿಯ ಗುರುತೇ ಆಗಿಹೋಯಿತು. 1994ರಲ್ಲಿ ಗಾಯಕಿ ನೆನೆ ಚೆರಿ ಅವರೊಡನೆ ಹಾಡಿದ ‘ಸೆವೆನ್ ಸೆಕೆಂಡ್ಸ್’ ಅವರನ್ನು ಜಗತ್ತಿಗೆ ಪರಿಚಯಿಸಿತಾದರೂ, ಡಕಾರ್‌ನ ಜನಕ್ಕೆ ಅವರು ಮೊದಲಿನಂತೆಯೇ ರಾತ್ರಿಯ ನೃತ್ಯಶಾಲೆಗಳ ಗಾಯಕರಾಗಿ ಉಳಿದರು. ಮುಂದಿನ ತಕರಾರಿನ ಬೇರು ಇರುವುದು ಇಲ್ಲಿ.

ಸೆನೆಗಲ್‌ನ ಜನರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಮುಸ್ಲಿಮರು. ಅವರಲ್ಲಿ ಬಹುತೇಕರು ಯಾವುದಾದರೊಂದು ಸೂಫಿ ಪಂಥಕ್ಕೆ, ಎಂದರೆ ಒಬ್ಬ ಸಂತನನ್ನೂ ಆತನ ಉತ್ತರಾಧಿಕಾರಿಗಳನ್ನೂ ಗುರುವೆಂದು ನಂಬಿ ನಡೆಯುವ ಸಮುದಾಯಕ್ಕೆ ಸೇರಿದವರು. ತಿಜಾನಿಯ, ಮುರೀದಿಯ, ಲಾಯೆನ್ ಪಂಥಗಳು ಇವುಗಳಲ್ಲಿ ಪ್ರಮುಖವಾದವು. ಮುರೀದಿಯ ಪಂಥವನ್ನು ಸ್ಥಾಪಿಸಿದ ಶೇಖ್ ಅಮದು ಬಂಬಾ (1853–1927) ಅವರನ್ನು ಫ್ರೆಂಚ್ ಆಡಳಿತವು 1895ರಲ್ಲಿ ಗಬೋನ್‌ಗೆ ಗಡೀಪಾರು ಮಾಡಿತ್ತು. ಅವರು ಕಟ್ಟಿದ ತೂಬಾ ನಗರಕ್ಕೆ ಇಂದಿಗೂ ಪ್ರತಿವರ್ಷ ಲಕ್ಷಾಂತರ ಜನ ಯಾತ್ರೆ ಹೋಗುತ್ತಾರೆ. ‘ಈಜಿಪ್ಟ್’ ಆಲ್ಬಮ್ಮಿನ ಎಂಟು ಹಾಡುಗಳ ವಸ್ತು ದೇವರ ಸ್ತುತಿ ಮತ್ತು ಈ ಬಗೆಯ ಸಂತರ ಸ್ಮರಣೆ.

ಬಾಲ್ಯದಲ್ಲಿ ಮನೆಯಲ್ಲಿ ಕೇಳಿಬರುತ್ತಿದ್ದ ಈಜಿಪ್ಟಿನ ಮಹಾಗಾಯಕಿ ಉಮ್ ಕುಲ್ಸೂಮ್ ಅವರ ಸಂಗೀತದ ಸೆಳೆತದಿಂದ ಎನ್‌ಡೂರ್ ಅವರು ಕೈರೋದ ಸಂಯೋಜಕ ಫತ್ಹಿ ಸಲಾಮಾ ಅವರ ವಾದ್ಯವೃಂದದೊಡನೆ ಈ ಹಾಡುಗಳನ್ನು ಸಿದ್ಧಪಡಿಸಿದರು. ಸೆನೆಗಲ್‌ನ ತಂತಿವಾದ್ಯವಾದ ಕೋರಾ ಮತ್ತು ಮರದ ಪಟ್ಟಿಗಳ ಬಾಲಫೋನ್ ಜೊತೆಗೆ ಅರಬ್ ಪಿಟೀಲುಗಳು, ಊದ್ ಎಂಬ ತಂತಿವಾದ್ಯ ಮತ್ತು ಜೊಂಡಿನ ಕೊಳಲು ಸೇರಿಕೊಂಡವು. ಕುಣಿತಕ್ಕೆ ಕರೆಯುವ ಎಂಬಲಾಖ್‌ನ ಲಯ ಹಿಂದೆ ಸರಿಯಿತು. ಅಮೆರಿಕದ ಮೇಲೆ ನಡೆದ 2001ರ ಸೆಪ್ಟೆಂಬರ್ ದಾಳಿಯ ನಂತರದ ವಾತಾವರಣದಲ್ಲಿ ಇಸ್ಲಾಮನ್ನು ಕುರಿತ ಹಾಡುಗಳು ತಪ್ಪು ಅರ್ಥಕ್ಕೆ ಎಡೆಗೊಟ್ಟಾವೆಂದು ಬಿಡುಗಡೆಯನ್ನು ಮುಂದೂಡಲಾಯಿತು. ಅಪಾರ್ಥದ ಭಯ ಇದ್ದದ್ದು ಪಶ್ಚಿಮದ ಕಡೆಯಿಂದ. ವಿರೋಧ ಬಂದದ್ದು ಮಾತ್ರ ಅತ್ತಲಿಂದಲ್ಲ.

ರಂಜಾನ್ ತಿಂಗಳಲ್ಲಿ ಡಕಾರ್‌ನಲ್ಲಿ ಕ್ಯಾಸೆಟ್ ಬಂದಾಗ ಕೇಳುಗರನ್ನು ಕೆರಳಿಸಿದ್ದು ಸಂತರ ಹೆಸರು ಹಾಡಿನಲ್ಲಿ ಬಂದದ್ದಲ್ಲ, ಏಕೆಂದರೆ ಎಂಬಲಾಖ್ ಗಾಯಕರು ಪ್ರೀತಿ, ಬಡತನ, ವಲಸೆಗಳ ಹಾಡಿನ ನಡುವೆ ಸಂತರನ್ನು ಸ್ಮರಿಸುವುದು ಹಳೆಯ ರೂಢಿ. ಭಕ್ತಿಯೇ ಇಡೀ ಆಲ್ಬಮ್ಮಿನ ವಸ್ತುವಾಗಿ, ಪವಿತ್ರ ಮಾಸದಲ್ಲಿ, ನೃತ್ಯಶಾಲೆಯ ಕಂಠದಿಂದ, ಮಾರಾಟದ ಸರಕಾಗಿ ಬಂದದ್ದು ಅವರಿಗೆ ಎಲ್ಲೆ ಮೀರಿದಂತೆ ತೋರಿತು. ಬಂಬಾ ಅವರ ಅರಬ್ಬಿ ಪದ್ಯಗಳನ್ನು ಶಿಷ್ಯರು ವಾದ್ಯಗಳಿಲ್ಲದೆ ಕೂಡಿ ಕುಳಿತು ಪಠಿಸುವ ಸಂಪ್ರದಾಯ ಜೀವಂತವಾಗಿರುವ ಊರಿನಲ್ಲಿ ಈ ಆಕ್ಷೇಪಕ್ಕೆ ತನ್ನದೇ ತರ್ಕವಿತ್ತು. ಪೂರ್ತಿ ಕೇಳದೆ ತೀರ್ಪು ಕೊಟ್ಟವರು ಅವರಲ್ಲಿ ಇರಲಿಲ್ಲವೆಂದಲ್ಲ. ಆದರೆ ವೋಲೋಫ್ ತಿಳಿಯದ ಪಶ್ಚಿಮದ ಕೇಳುಗರಿಗೆ ಇಂಪಾದ ನಾದವಾಗಿ ಮಾತ್ರ ತಲುಪಿದ್ದು ಇವರಿಗೆ ತಮ್ಮ ಗುರುವಿನ ಹೆಸರಾಗಿ ತಲುಪಿತ್ತು, ಹೀಗಾಗಿ ಇವರು ಮೆಚ್ಚುವುದಕ್ಕೂ ಮುನಿಯುವುದಕ್ಕೂ ಹೆಚ್ಚು ಬೆಲೆ ತೆರಬೇಕಿತ್ತು.

2005ರ ಫೆಬ್ರವರಿಯಲ್ಲಿ ಆಲ್ಬಮ್ಮಿಗೆ ಸಮಕಾಲೀನ ವಿಶ್ವಸಂಗೀತ ವಿಭಾಗದ ಗ್ರ್ಯಾಮಿ ಪ್ರಶಸ್ತಿ ದೊರೆತ ಮೇಲೆ ಡಕಾರ್‌ನ ಧೋರಣೆ ಬದಲಾಯಿತು. ಗಾಯಕನಿಗೆ ಸಂಭ್ರಮದ ಸ್ವಾಗತ ಸಿಕ್ಕಿತು, ಹಾಡುಗಳು ಮತ್ತೆ ಕೇಳಿಬಂದವು. ಈ ತಿರುವನ್ನು ಎಲಿಜಬೆತ್ ಚಾಯ್ ವಸರೆಲಿ ಅವರ 2008ರ ಸಾಕ್ಷ್ಯಚಿತ್ರ ‘ಐ ಬ್ರಿಂಗ್ ವಾಟ್ ಐ ಲವ್’ ದಾಖಲಿಸಿದೆ. ಅಮೆರಿಕದ ತೀರ್ಪುಗಾರರು ಸೆನೆಗಲ್‌ನ ಧಾರ್ಮಿಕ ಪ್ರಶ್ನೆಯನ್ನು ಬಗೆಹರಿಸಿದರೆಂದು ಹೇಳುವುದು ಹಾಸ್ಯಾಸ್ಪದವಾದೀತು. ಬಹುಶಃ ತಮ್ಮ ಸಂತರ ಹೆಸರು ಹೊರಗೆ ಗೌರವ ಪಡೆದುದನ್ನು ಕಂಡ ಕೇಳುಗರಿಗೆ ಆಲ್ಬಮ್ಮು ಸರಕಿನಂತಲ್ಲದೆ ಸೇವೆಯಂತೆ ಕಾಣಿಸಿರಬೇಕು. ಎನ್‌ಡೂರ್ ಅವರಾದರೋ ಆ ಗೆಲುವಿನ ದಾರಿಯಲ್ಲೇ ಮುಂದುವರಿಯಲಿಲ್ಲ. 2007ರ ‘ರೊಕ್ಕು ಮಿ ರೊಕ್ಕಾ’ ಆಲ್ಬಮ್ಮಿನಲ್ಲಿ ಅವರು ಕೈರೋದ ಪಿಟೀಲುಗಳನ್ನು ಬಿಟ್ಟು, ಮಾಲಿ ದೇಶದ ಬಸ್ಸೆಕು ಕುಯಾಟೆ ಅವರ ಎಂಗೋನಿ ಎಂಬ ತಂತಿವಾದ್ಯವನ್ನು ಜೊತೆಗಿಟ್ಟುಕೊಂಡು, ಮರುಭೂಮಿಗೆ ಹತ್ತಿರದ ಉತ್ತರ ಸೆನೆಗಲ್‌ನ ಲಯಗಳತ್ತ ಹೊರಳಿದರು.