ಹಿತ್ತಲ ಬಳ್ಳಿಯ ಪಾಠ

ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲು. ಇಂಗ್ಲೆಂಡ್, ಅಮೆರಿಕಗಳಲ್ಲಿ ಇದು ಹೊಲ ಬಿಟ್ಟು ಮನೆಯಂಗಳಕ್ಕೂ ಬಂದಿದೆ. ಲಂಡನ್ನಿನ ಕೆಲವು ಬಡಾವಣೆಗಳಲ್ಲಿ ನೆರೆಹೊರೆಯವರು ತಂತಮ್ಮ ಜಾಗದಲ್ಲಿ ಒಂದೆರಡು ಬಳ್ಳಿ ಬೆಳೆಸಿ, ಸುಗ್ಗಿಯಲ್ಲಿ ಎಲ್ಲರ ಕೊಯ್ಲನ್ನೂ ಒಂದೆಡೆ ಸುರಿಯುತ್ತಾರೆ. ಒಬ್ಬರ ಬೆಳೆ ಯಾವುದಕ್ಕೂ ಸಾಲದು. ಹತ್ತು ಮನೆಯದು ಸೇರಿದರೆ ಒಂದು ಹಂಡೆಗೆ ಸಾಕು. ಬೆಳೆಯುವ ವಿದ್ಯೆಯೂ ಹೀಗೆಯೇ ಮನೆಯಿಂದ ಮನೆಗೆ ದಾಟುತ್ತದೆ.

ಈ ಬಳ್ಳಿ ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಬೆಳೆದೀತೆ? ನೆಟ್ಟರೆ ಚಿಗುರಬಹುದು, ಫಲದ ಆಸೆ ಬೇಡ. ಹಾಪ್ಸಿಗೆ ಬೇಕಾದದ್ದು ಬೇಸಿಗೆಯ ದೀರ್ಘ ಹಗಲು. ಹಾಪ್ಸ್ ಬೆಳೆಗೆ ಹೆಸರಾದ ದಕ್ಷಿಣ ಜರ್ಮನಿಯಲ್ಲಿ ಜೂನ್ ತಿಂಗಳ ಹಗಲು ಸುಮಾರು 16 ಗಂಟೆಯದು. ನಮ್ಮಲ್ಲಿ ಅತಿ ದೀರ್ಘ ಹಗಲೂ 13 ಗಂಟೆಯ ಆಸುಪಾಸು. ಹಗಲು ಗಿಡ್ಡವಾದರೆ ಬಳ್ಳಿ ಎತ್ತರಕ್ಕೆ ಏರುವ ಮೊದಲೇ ಹೂ ಬಿಟ್ಟು ಸೊರಗುತ್ತದೆ. ಭಾರತದಲ್ಲಿ ಇದು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಂಥ ತಣ್ಣನೆಯ ಕಡೆ ನೆಲೆ ಕಂಡಿದ್ದು ಸುಮ್ಮನೆ ಅಲ್ಲ.

ಆದರೆ ಅದಕ್ಕಾಗಿ ಮರುಗಬೇಕಿಲ್ಲ. ಮರ ಹತ್ತುವ, ತುಂಡಿನಿಂದ ಹುಟ್ಟುವ, ಗೊಂಚಲು ಬಿಡುವ ಬಳ್ಳಿಯೊಂದು ನಮ್ಮ ಮಲೆನಾಡಿನದೇ ಇದೆ, ಅದು ಕಾಳುಮೆಣಸು. ಪಶ್ಚಿಮ ಘಟ್ಟವೇ ಅದರ ತವರು. ಇದರ ವ್ಯಾಪಾರದ ಬಲದಿಂದಲೇ 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಪೋರ್ಚುಗೀಸರಿಂದ ‘ಮೆಣಸಿನ ರಾಣಿ’ ಎನಿಸಿಕೊಂಡಳು. ಹಡಗುಗಳನ್ನು ಸಮುದ್ರ ದಾಟಿಸಿದ ಈ ಬಳ್ಳಿ ನಮಗೆ ಹಿತ್ತಲಿನದಾದ್ದರಿಂದ ಸಸಾರವಾಗಿ ಕಾಣುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಎರಡೂ ಬಳ್ಳಿಗಳ ನಡುವೆ ಒಂದು ಸ್ವಾರಸ್ಯದ ಸಾಮ್ಯವಿದೆ. ಹಾಪ್ಸಿನಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆಬೇರೆ. ಬಿಯರಿಗೆ ಬೇಕಾದದ್ದು ಹೆಣ್ಣಿನ ಹೂ ಮಾತ್ರ. ಕಾಡುಮೆಣಸಿನಲ್ಲೂ ಸಾಮಾನ್ಯವಾಗಿ ಹೀಗೆಯೇ. ಮನುಷ್ಯ ತಲೆಮಾರುಗಳ ಕಾಲ ಆರಿಸುತ್ತ ಬಂದದ್ದರಿಂದ ತೋಟದ ಮೆಣಸಿನ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುವುದೇ ಹೆಚ್ಚು. ಈ ಗುಣ ಕಡಿಮೆಯಾದ ಬಳ್ಳಿಯಲ್ಲಿ ಗೊಂಚಲು ಉದ್ದವಿದ್ದರೂ ಕಾಳು ವಿರಳ. ಬೀಜದಿಂದ ಹುಟ್ಟಿದ ಗಿಡ ತಾಯಿಯಂತೆಯೇ ಇರುತ್ತದೆಂಬ ಭರವಸೆ ಇಲ್ಲ, ತುಂಡಿನಿಂದ ಬೆಳೆದದ್ದು ತಾಯಿಯ ಪಡಿಯಚ್ಚು. ಆದ್ದರಿಂದ ಯಾವ ಬಳ್ಳಿಯಿಂದ ತುಂಡು ತರಬೇಕು ಎಂಬುದೇ ಮೊದಲ ಪ್ರಶ್ನೆ. ಉತ್ತರ ನರ್ಸರಿಯ ಪ್ಲಾಸ್ಟಿಕ್ ಚೀಲದ ಮೇಲೆ ಬರೆದಿರುವುದಿಲ್ಲ. ಆ ಬಳ್ಳಿ ನಾಲ್ಕಾರು ವರ್ಷ ಹೇಗೆ ಫಲ ಕೊಟ್ಟಿತೆಂದು ಕಂಡ ನೆರೆಮನೆಯವರಿಗೆ ಅದು ಗೊತ್ತು.

ಎರಡನೆಯ ಪ್ರಶ್ನೆ, ಬಳ್ಳಿಯ ಯಾವ ಭಾಗ ತರಬೇಕು? ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಹಂಬನ್ನು ಎರಡು ಮೂರು ಗೆಣ್ಣಿನ ತುಂಡು ಮಾಡಿ ನೆಟ್ಟರೆ ಅದು ಮರ ಹತ್ತುವ ಬಳ್ಳಿಯಾಗುತ್ತದೆ. ಫಲ ಬಿಡುವ ಅಡ್ಡರೆಂಬೆಯನ್ನು ಬೇರು ಬರಿಸಿ ನೆಟ್ಟರೆ ಅದು ಎಂದೂ ಮರ ಹತ್ತದು. ಕುಂಡದಲ್ಲೇ ಪೊದೆಯಾಗಿ ಕಾಳು ಕಟ್ಟುತ್ತದೆ. ಒಂದೇ ತಾಯಿಯ ಎರಡು ಕೊಂಬೆ, ಎರಡು ಬಗೆಯ ಬಾಳು. ಈ ಪೊದೆಮೆಣಸು ಮೂವತ್ತು-ನಲವತ್ತರ ನಿವೇಶನದವರಿಗೆ, ತಾರಸಿ ಮಾತ್ರ ಉಳಿದವರಿಗೆ ಹೇಳಿ ಮಾಡಿಸಿದ್ದು. ಅಡ್ಡರೆಂಬೆಗೆ ಬೇರು ಬರುವುದು ಮಾತ್ರ ತುಸು ಕಷ್ಟ. ಹತ್ತು ಇಟ್ಟರೆ ಎಲ್ಲವೂ ಬದುಕುವುದಿಲ್ಲ.

ಹಂಬನ್ನು ಫೆಬ್ರುವರಿ-ಮಾರ್ಚಿನಲ್ಲಿ ಕತ್ತರಿಸುತ್ತಾರೆ. ತೀರ ಎಳೆಯ ತುದಿ, ತೀರ ಬಲಿತ ಬುಡ ಎರಡನ್ನೂ ಬಿಟ್ಟು ನಡುವಿನ ಭಾಗ ಆರಿಸಿ ನೆರಳಿನಲ್ಲಿ ಬೇರು ಬರಿಸಿ, ಜೂನ್ ಮಳೆ ಹಿಡಿದ ಮೇಲೆ ನೆಡುತ್ತಾರೆ. ಅಡಿಕೆ, ಹಲಸು, ಹಾಲುವಾಣ ಯಾವುದಾದರೂ ಆಸರೆಯಾದೀತು. ಆಸರೆಯ ಉತ್ತರ ಮಗ್ಗುಲಲ್ಲಿ ನೆಡಬೇಕೆಂಬ ಮಾತಿಗೂ ಅರ್ಥವಿದೆ. ಮಳೆ ಮುಗಿದ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಎಳೆ ಬಳ್ಳಿಗೆ ಮರದ ನೆರಳು ಸಿಗುತ್ತದೆ. ಹಾಪ್ಸ್ ಆಸರೆಯನ್ನು ಗಡಿಯಾರದ ಮುಳ್ಳಿನಂತೆ ಸುತ್ತಿ ಏರಿದರೆ, ಮೆಣಸು ಗೆಣ್ಣುಬೇರುಗಳಿಂದ ತೊಗಟೆಗೆ ಅಂಟಿಕೊಂಡು ಏರುತ್ತದೆ. ಬೇರು ಹಿಡಿಯುವ ತನಕ ಅದನ್ನು ಮರಕ್ಕೆ ಕಟ್ಟಬೇಕು, ಆದರೆ ಬಿಗಿಯಬಾರದು. ಎಷ್ಟು ಸಡಿಲ ಎಂಬುದನ್ನು ಬರೆದು ತಿಳಿಸುವುದು ಕಷ್ಟ. ಒಮ್ಮೆ ಕಟ್ಟಿ ತೋರಿಸಿದರೆ ಮುಗಿಯಿತು.

ಕೈಯಿಂದಲೇ ಕಲಿಯಬೇಕಾದ ಇನ್ನೊಂದು ವಿದ್ಯೆ ಬೋರ್ಡೋ ದ್ರಾವಣದ್ದು. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ ಹುಟ್ಟಿದ ಈ ಔಷಧ ನಮ್ಮ ಅಡಿಕೆಯ ಕೊಳೆರೋಗಕ್ಕೆ ತಡೆಯಾಗುತ್ತದೆಂದು ಮಲೆನಾಡಿಗೆ ತೋರಿಸಿಕೊಟ್ಟವರು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮೆಣಸಿನ ಸೊರಗು ರೋಗಕ್ಕೂ ಇದನ್ನು ಬಳಸುತ್ತಾರೆ. ಶೇ. 1ರ ದ್ರಾವಣವೆಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಬಂದಿತೇ ಎಂದು ನೋಡಲು ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದುತ್ತಾರೆ. ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಪರದೇಶದ ವಿಜ್ಞಾನ ಇಲ್ಲಿ ಕೈಯಿಂದ ಕೈಗೆ ದಾಟಿ ನಮ್ಮದೇ ಆದದ್ದು ಹೀಗೆ.

ಈಗ ಕಷ್ಟ ಬಂದಿರುವುದು ಈ ದಾಟುವಿಕೆಗೇ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿಗೆ ಕನ್ನಡಿಗರ ಜತೆ ತಮಿಳರೂ ತೆಲುಗರೂ ಕೆಲಸಕ್ಕೆ ಬಂದರು. ಇಂಥ ಊರಿನಲ್ಲಿ ಭಾಷೆ ಬೇರೆಯಾದರೂ ಕರಿಬೇವಿನ ಸಸಿ, ವೀಳ್ಯದ ಹಂಬು ಕೇಳಲು ಭಾಷೆ ಅಡ್ಡಬರುವುದಿಲ್ಲ. ಕೇಳದೆ ತಂದ ಗಿಡ ಇನ್ನೂ ಚೆನ್ನಾಗಿ ಬರುತ್ತದೆಂಬ ನಗೆಮಾತೂ ನಮ್ಮಲ್ಲಿದೆ! ಶಿವಮೊಗ್ಗದ ಹಳೆಯ ಮನೆಯ ಹಿತ್ತಲು ಬಾಡಿಗೆ ಮನೆಯಾದಾಗ, ಕಾರು ನಿಲ್ಲಿಸಲು ಅಂಗಳಕ್ಕೆ ಸಿಮೆಂಟ್ ಬಿದ್ದಾಗ ಹೋಗುವುದು ನಾಲ್ಕು ಗಿಡ ಮಾತ್ರವಲ್ಲ. ಬೇಲಿಯಾಚೆಯಿಂದ ನೋಡುತ್ತ ಕಲಿಯುತ್ತಿದ್ದವರ ಪಾಠವೂ ನಿಲ್ಲುತ್ತದೆ. ಗಿಡವನ್ನು ಕಾಸು ಕೊಟ್ಟು ತರಬಹುದು, ಅದರ ಚರಿತ್ರೆ ಜತೆಗೆ ಬರುವುದಿಲ್ಲ.

ಇದನ್ನು ಮನಗಂಡವರೂ ಇದ್ದಾರೆ. ಪಕ್ಕದ ಶಿರಸಿಯಲ್ಲಿ 2001ರಲ್ಲಿ ಆರಂಭವಾದ ‘ವನಸ್ತ್ರೀ’ ಬಳಗದ ಮಹಿಳೆಯರು ಹಿತ್ತಲಿನ ನಾಟಿ ಬೀಜಗಳನ್ನು ಕಾಪಿಟ್ಟು, ಹಂಚಿ, ಮಲೆನಾಡ ಮೇಳವನ್ನೂ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ಬೀಜ ಕೊಡುವವಳು ಅದನ್ನು ಬೆಳೆದವಳೇ. ಕೇಳಿದ ಪ್ರಶ್ನೆಗೆ ಉತ್ತರವೂ ಆಕೆಯಿಂದಲೇ. ಶಿವಮೊಗ್ಗಕ್ಕೆ 2012ರಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೇ ಬಂದಿರುವಾಗ ತಜ್ಞರ ಸಲಹೆಗೂ ಬಡತನವಿಲ್ಲ. ಆದರೆ ವಿಶ್ವವಿದ್ಯಾಲಯ ಪ್ರತಿ ಬೀದಿಗೂ ಬಂದು ಹಂಬು ಕಟ್ಟಿ ತೋರಿಸಲಾರದು.

ಅದು ಬೀದಿಯವರ ಕೆಲಸ. ಬಡಾವಣೆಯ ಪಾರ್ಕಿನ ಬೇಲಿಬದಿ, ಶಾಲೆಯ ಕಾಂಪೌಂಡು, ದೇವಸ್ಥಾನದ ಹಿಂದಿನ ಹಲಸಿನ ಬುಡ, ಒಂದು ಬಳ್ಳಿಗೆ ಇಷ್ಟು ಜಾಗ ಸಾಕು. ಹತ್ತು ಮನೆಗೆ ಒಂದು ತಾಯಿಬಳ್ಳಿ ಇದ್ದರೆ ಫೆಬ್ರುವರಿಯಲ್ಲಿ ಹತ್ತು ಮನೆಗೂ ತುಂಡು ಸಿಗುತ್ತದೆ. ಮಕ್ಕಳ ಕೈಗೆ ಒಂದೊಂದು ತುಂಡು ಕೊಟ್ಟು, ಯಾವ ಗೆಣ್ಣು ಮಣ್ಣೊಳಗೆ, ಯಾವುದು ಹೊರಗೆ ಎಂದು ತೋರಿಸಿದರೆ ಅವರು ಮರೆಯುವುದಿಲ್ಲ. ಕೆಲವು ತುಂಡುಗಳು ಒಣಗುತ್ತವೆ. ಏಕೆ ಒಣಗಿತೆಂದು ಪಕ್ಕದ ಮನೆಯ ಅಜ್ಜಿಯನ್ನು ಕೇಳಲು ಅದೇ ಒಂದು ನೆಪವಾಗುತ್ತದೆ.