ಬೆನ್ನು ತೆರೆದು ಹುಟ್ಟಿದ ಕೂಸು

ಬೆನ್ನಿನ ಕೆಳಭಾಗದಲ್ಲಿ ತೆಳುಪೊರೆಯ ನೀರುಗುಳ್ಳೆಯಂತಹ ಗಂಟನ್ನು ಹೊತ್ತು ಕೂಸು ಹುಟ್ಟಿತೆಂದರೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆಯು, ಬಸುರಿಯು ಗ್ರಹಣದ ದಿನ ಹೊರಗೆ ಬಂದಿದ್ದಳೇ ಎಂಬುದು. ಎರಡನೆಯದು, ಇದು ಯಾರ ಶಾಪವೆಂಬುದು. ಶಸ್ತ್ರವೈದ್ಯರು ಎಲ್ಲಿದ್ದಾರೆಂಬ ಪ್ರಶ್ನೆಗೆ ಮೂರನೆಯ ಸ್ಥಾನ. ಅದೇ ಮೊದಲನೆಯದಾಗಬೇಕೆಂದು ನಮ್ಮ ವಾಚಕ ಮಹಾಶಯರಲ್ಲಿಯೂ ಅಧಿಕಾರಿವರ್ಗದಲ್ಲಿಯೂ ನಿವೇದಿಸಲು ಈ ಲೇಖನವನ್ನು ಬರೆಯುತ್ತಿದ್ದೇವೆ.

ವೈದ್ಯರು ಸ್ಪೈನಾ ಬೈಫಿಡಾ ಎಂದು ಕರೆಯುವ ಈ ದೋಷಕ್ಕೆ ಗ್ರಹಣವೂ ಶಾಪವೂ ಕಾರಣವಲ್ಲ. ಗರ್ಭಾಂಕುರವಾದ ಇಪ್ಪತ್ತೆಂಟು ದಿನಗಳೊಳಗೆ, ಮುಂದೆ ಮಿದುಳೂ ಬೆನ್ನುಹುರಿಯೂ ಆಗಬೇಕಾದ ಪದರವು ಎರಡು ಅಂಚುಗಳಿಂದ ಮಡಚಿ ನಳಿಕೆಯಂತೆ ಕೂಡಿಕೊಳ್ಳಬೇಕು. ಎಲ್ಲಿ ಕೂಡಲಿಲ್ಲವೋ ಅಲ್ಲಿ ಎಲುಬೂ ಚರ್ಮವೂ ಮುಚ್ಚದೆ ನರಗಳು ಹೊರಗೇ ಉಳಿಯುತ್ತವೆ. ಆ ಹೊತ್ತಿಗೆ ತಾನು ಬಸುರಿಯೆಂಬುದು ತಾಯಿಗೇ ಬಹುಶಃ ತಿಳಿದಿರುವುದಿಲ್ಲ.

ಶಸ್ತ್ರಕ್ರಿಯೆಯ ಉದ್ದೇಶವು ಸರಳ, ಕೈಕೆಲಸವು ಬಲು ಸೂಕ್ಷ್ಮ. ಗಂಟಿನ ಪೊರೆಯನ್ನು ಬಿಡಿಸಿ, ಅದಕ್ಕೆ ಅಂಟಿದ ನರಪದರವನ್ನು ಒಂದು ಎಳೆಯೂ ಹರಿಯದಂತೆ ಬೇರ್ಪಡಿಸಿ, ಒಳಗೆ ಅದರ ಸ್ಥಾನದಲ್ಲಿ ಮಲಗಿಸುತ್ತಾರೆ. ಅದರ ಮೇಲೆ ಬೆನ್ನುಹುರಿಯ ಹೊರಪೊರೆಯನ್ನು ನೀರು ಸೋರದಂತೆ ಹೊಲಿದು, ಅನಂತರ ಸ್ನಾಯುವಿನ ಪದರವನ್ನೂ ಚರ್ಮವನ್ನೂ ಮುಚ್ಚುತ್ತಾರೆ. ಹುಟ್ಟಿದ ಎರಡು ಮೂರು ದಿನಗಳೊಳಗೆ ಇದು ಮುಗಿಯಬೇಕು. ತಡವಾದಷ್ಟೂ ತೆರೆದ ಬೆನ್ನಿನಿಂದ ನಂಜು ಒಳಹೊಕ್ಕು ಮಿದುಳಿನ ಪೊರೆಗೆ ಏರುವ ಭಯ ಹೆಚ್ಚು.

ಹೊಲಿದ ಮಾತ್ರಕ್ಕೆ ಕಾಲಿಗೆ ಬಲ ಬರುವುದೇ? ಬರುವುದಿಲ್ಲ. ಕೆಟ್ಟುಹೋದ ನರವನ್ನು ಶಸ್ತ್ರವು ಹಿಂದಕ್ಕೆ ತರಲಾರದು. ಉಳಿದುದನ್ನು ಕಾಯುತ್ತದೆ, ಪ್ರಾಣವನ್ನು ಉಳಿಸುತ್ತದೆ. ಇದನ್ನು ತಾಯಿತಂದೆಗಳಿಗೆ ಮೊದಲೇ ಬಿಡಿಸಿ ಹೇಳದಿದ್ದರೆ, ವೈದ್ಯರು ಮೋಸ ಮಾಡಿದರೆಂಬ ಮಾತು ಊರೆಲ್ಲ ಹಬ್ಬುತ್ತದೆ. ಮೇಲಾಗಿ, ಬೆನ್ನು ಮುಚ್ಚಿದ ಮೇಲೆ ಅನೇಕ ಮಕ್ಕಳಿಗೆ ತಲೆಯಲ್ಲಿ ನೀರು ತುಂಬುತ್ತದೆ. ಅದನ್ನು ಹೊಟ್ಟೆಗೆ ಹರಿಸಲು ಚರ್ಮದಡಿ ನಳಿಕೆ ಇಡಬೇಕಾಗುತ್ತದೆ. ಅಮೆರಿಕದ ಜಾನ್ ಹೋಲ್ಟರ್ ಎಂಬ ಯಂತ್ರಕರ್ಮಿಯು 1955ರಲ್ಲಿ ಇದೇ ದೋಷದಿಂದ ಹುಟ್ಟಿದ ತನ್ನ ಮಗನಿಗಾಗಿ, ನೀರು ಒಂದೇ ದಿಕ್ಕಿಗೆ ಹರಿಯುವ ಕವಾಟವೊಂದನ್ನು ರೂಪಿಸಿದನು. ಆ ವಿಚಾರದಿಂದ ಎಷ್ಟೋ ದೇಶಗಳ ಮಕ್ಕಳು ಬದುಕಿದರು. ಗರ್ಭದಲ್ಲಿರುವಾಗಲೇ ಬೆನ್ನು ಮುಚ್ಚಿದರೆ ನಳಿಕೆ ಬೇಕಾಗುವ ಮಕ್ಕಳ ಪ್ರಮಾಣವು ನೂರಕ್ಕೆ 82ರಿಂದ 40ಕ್ಕೆ ಇಳಿಯಿತೆಂದು ಅಮೆರಿಕದ ವೈದ್ಯರು 2011ರಲ್ಲಿ ತೋರಿಸಿಕೊಟ್ಟರು. ಅದು ನಮ್ಮ ಸೀಮೆಗೆ ಇನ್ನೂ ದೂರದ ಮಾತು.

ಇದು ಎಲ್ಲಿಯೋ ಅಪರೂಪಕ್ಕೆ ಕಾಣುವ ಪೀಡೆಯೆಂದು ಯಾರೂ ಭಾವಿಸಕೂಡದು. ದಾವಣಗೆರೆಯ ಡಾಕ್ಟರ್ ಎಂ. ಎಲ್. ಕುಲಕರ್ಣಿಯವರೂ ಅವರ ಸಂಗಡಿಗರೂ ಅಲ್ಲಿಯ ಆಸ್ಪತ್ರೆಯ ಹೆರಿಗೆಗಳನ್ನು ಪರೀಕ್ಷಿಸಿ, ಸಾವಿರಕ್ಕೆ 11.4 ಕೂಸುಗಳಲ್ಲಿ ಈ ಜಾತಿಯ ದೋಷಗಳನ್ನು ಕಂಡುದಾಗಿ 1989ರಲ್ಲಿ ಪ್ರಕಟಿಸಿದರು. ಕಷ್ಟದ ಹೆರಿಗೆಗಳು ಆಸ್ಪತ್ರೆಗೇ ಬರುವುದರಿಂದ ಆ ಅಂಕೆಯನ್ನು ಹಳ್ಳಿಹಳ್ಳಿಗೂ ಅನ್ವಯಿಸಲಾಗದು, ನಿಜ. ಆದರೂ ಅದು ನಮ್ಮ ನೆರೆಯ ಸೀಮೆಯ ಲೆಕ್ಕವೆಂಬುದನ್ನು ಮರೆಯಲಾಗದು.

ತಡೆಯುವ ಉಪಾಯವಾದ ಫೋಲಿಕ್ ಆಮ್ಲದ ಕಥೆಯ ಮೂಲವು ನಮ್ಮ ದೇಶದಲ್ಲಿಯೇ ಇದೆ. ಮುಂಬಯಿಯ ಬಟ್ಟೆ ಗಿರಣಿಯ ಬಡ ಬಸುರಿಯರ ರಕ್ತಹೀನತೆಯನ್ನು ಶೋಧಿಸಿದ ಲೂಸಿ ವಿಲ್ಸ್ ಎಂಬ ವೈದ್ಯೆಯು 1931ರಲ್ಲಿ ಪ್ರಕಟಿಸಿದ ಜೀವಸತ್ವವೇ ಅದು. ಮೊದಲೊಮ್ಮೆ ಇಂಥ ಕೂಸನ್ನು ಹೆತ್ತ ತಾಯಂದಿರಲ್ಲಿ ಈ ಮಾತ್ರೆಯು ನೂರಕ್ಕೆ 72ರಷ್ಟು ದೋಷವನ್ನು ತಡೆಯಿತೆಂದು 1991ರಲ್ಲಿ ಸಿದ್ಧವಾಯಿತು. ಉಳಿದ ಹೆಂಗಸರಿಗೆ ದಿನಕ್ಕೆ 400 ಮೈಕ್ರೋಗ್ರಾಮ್ ಸಾಕು. ಆದರೆ ಗರ್ಭ ನಿಲ್ಲುವ ಮೊದಲೇ ಆರಂಭವಾಗಬೇಕು. ನಮ್ಮಲ್ಲಿಯೋ ಎರಡು ಮೂರು ತಿಂಗಳು ತುಂಬಿದ ಮೇಲೆ ಹೆಸರು ಬರೆಸುವುದು, ಆಮೇಲೆ ಮಾತ್ರೆ! ಕುಬುಸದ ಹೊತ್ತಿಗೆ ತಿಂದ ಮಾತ್ರೆಯು ರಕ್ತಕ್ಕೆ ಒಳ್ಳೆಯದು, ಕೂಸಿನ ಬೆನ್ನಿಗೆ ನಿರರ್ಥಕ. ಆಶಾ ಕಾರ್ಯಕರ್ತೆಯರು ಮಾತ್ರೆಯನ್ನು ಒಯ್ಯಬೇಕಾದುದು ಹೊಸದಾಗಿ ಮದುವೆಯಾದವಳ ಮನೆಗೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಮೊದಲ ಹೆಸರು ಈ ದೋಷದ್ದೇ. 2015ರಲ್ಲಿ ಕೊಪ್ಪಳಕ್ಕೆ ಮೆಡಿಕಲ್ ಕಾಲೇಜೂ ಬಂದಿತು. ಆದರೆ ಹೆರಿಗೆಯು ನಡೆಯುವುದು ಕುಷ್ಟಗಿಯ ಅಥವಾ ಯಲಬುರ್ಗಾದ ತವರೂರಿನಲ್ಲಿ. ನರಶಸ್ತ್ರವೈದ್ಯರ ಕೈ ಬೇಕಾದರೆ ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಅದು ಕೊಪ್ಪಳದಿಂದಲೇ ನೂರು ಕಿಲೋಮೀಟರಿಗೂ ಮಿಗಿಲು. ಈ ದಾರಿಯಲ್ಲಿ ಕೂಸನ್ನು ಹೇಗೆ ಒಯ್ಯಬೇಕೆಂಬುದು ಪ್ರತಿಯೊಂದು ಹೆರಿಗೆ ಕೋಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕು: ಗಂಟನ್ನು ಒತ್ತಕೂಡದು, ಅರಿಸಿನ, ಬೂದಿ ಹಚ್ಚಕೂಡದು, ಶುದ್ಧವಾದ ಲವಣಜಲದಲ್ಲಿ ನೆನೆಸಿದ ನಂಜುರಹಿತ ಬಟ್ಟೆಯನ್ನು ಹೊದಿಸಿ, ಹೊಟ್ಟೆಯ ಮೇಲೆ ಅಥವಾ ಮಗ್ಗುಲಿಗೆ ಮಲಗಿಸಿ, ಬೆಚ್ಚಗಿಟ್ಟು, ಅದೇ ದಿನ ಹೊರಡಿಸಬೇಕು. ಹೊರಡುವ ಮೊದಲು ಮುಂದಿನ ಆಸ್ಪತ್ರೆಗೆ ದೂರವಾಣಿಯಲ್ಲಿ ತಿಳಿಸಬೇಕು.

ಹಿಂದಿರುಗಿ ಬಂದ ಕೂಸಿನ ತಲೆಯ ಸುತ್ತಳತೆಯನ್ನು ವಾರಕ್ಕೊಮ್ಮೆ ಅಳೆಯುವವರು ಊರಲ್ಲಿಯೇ ಬೇಕು. ನಳಿಕೆ ಇಟ್ಟ ಮಗುವು ವಾಂತಿ ಮಾಡುತ್ತ ಮಂಕಾಗಿ ಮಲಗಿದರೆ ಅದನ್ನು ದೃಷ್ಟಿ ತಾಕಿತೆಂದು ಬಿಡದೆ, ನಳಿಕೆ ಕಟ್ಟಿತೋ ಎಂದು ಶಂಕಿಸಿ, ಆ ರಾತ್ರಿಯೇ ವಾಹನ ಹತ್ತಿಸಬೇಕು. ಮೂತ್ರವನ್ನು ಸಣ್ಣ ಕೊಳವೆಯಿಂದ ಹೊತ್ತುಹೊತ್ತಿಗೆ ತೆಗೆಯುವುದನ್ನು ತಾಯಿಗೆ ಕಲಿಸಿದರೆ ಮೂತ್ರಪಿಂಡಗಳು ಉಳಿಯುತ್ತವೆ. ಇದನ್ನು ಕಲಿಸಬಲ್ಲ ದಾದಿಯೊಬ್ಬಳು ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ಏರ್ಪಡಿಸುವರೇ?