ಬಣ್ಣದ ಗೋಡೆ, ಹೆಸರಿನ ಹಲಗೆ

ಮಲೇಶಿಯಾದ ಪೆನಾಂಗ್ ದ್ವೀಪದಲ್ಲಿ ಜಾರ್ಜ್ ಟೌನ್ ಅಂತ ಒಂದು ಹಳೇ ಪೇಟೆ ಉಂಟು. ಅಲ್ಲಿ ಕೆಲಸದಲ್ಲಿರುವ ತಂಗಿಯ ಮಗನನ್ನು ನೋಡಲು ಹೋದವ, ಅವನು ಆಫೀಸಿಗೆ ಹೊರಟ ಮೇಲೆ ಮೂರು ದಿನ ಆ ಬೀದಿಗಳಲ್ಲಿ ಸುಮ್ಮನೆ ಅಲೆದೆ. ಸೆಕೆ ಮಾತ್ರ ಥೇಟು ನಮ್ಮ ಕಾಸರಗೋಡಿನದೇ.

1786ರಲ್ಲಿ ಫ್ರಾನ್ಸಿಸ್ ಲೈಟ್ ಎಂಬ ಆಂಗ್ಲ, ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ಬಂದರು ಇದು. ಚೀನೀಯರು, ತಮಿಳರು, ಅರಬರು, ಸುಮಾತ್ರದವರು ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆನಿಂತರು. ಕೆಳಗೆ ಅಂಗಡಿ, ಮೇಲೆ ಮನೆ. ಮುಂಭಾಗ ಕಿರಿದು, ಒಳಗೆ ಹೋದಷ್ಟೂ ಉದ್ದ. ನಡುವೆ ಗಾಳಿ ಬೆಳಕಿಗೆ ತೆರೆದ ಅಂಗಳ. ಬೀದಿಯುದ್ದಕ್ಕೂ ಐದಡಿ ಅಗಲದ ಜಗಲಿ. ಮಳೆ ಬಂದರೂ ಕೊಡೆ ಬಿಚ್ಚದೆ ನಡೆಯಬಹುದು, ಅಡ್ಡ ನಿಲ್ಲಿಸಿದ ಬೈಕುಗಳನ್ನು ದಾಟಿಕೊಂಡು!

ಗೋಡೆಗಳಿಗೆ ಹಳದಿ, ಹಸಿರು, ಗುಲಾಬಿ. ಲೀತ್ ಬೀದಿಯಲ್ಲಿ ಚೋಂಗ್ ಫಟ್ ಝೆ ಎಂಬ ಚೀನೀ ಸಾಹುಕಾರನ ಮನೆಯಂತೂ ಕಡುನೀಲಿ. ಅದು ಸುಣ್ಣಕ್ಕೆ ನೀಲಿ ಬೆರೆಸಿ ಬಳಿದದ್ದು. ಇಟ್ಟಿಗೆ ಗೋಡೆ ನೆಲದಿಂದ ಹೀರುವ ತೇವವನ್ನು ಸುಣ್ಣ ಹೊರಕ್ಕೆ ಬಿಡುತ್ತದೆ. ಪ್ಲಾಸ್ಟಿಕ್ ಪೇಂಟ್ ಬಳಿದರೆ ಒಳಗೇ ಕಟ್ಟಿಕೊಂಡು ಗಾರೆ ಉದುರುತ್ತದೆ. ದೀಪಾವಳಿಗೆ ಮುಂಚೆ ಅಮ್ಮ ಸುಣ್ಣದ ಬಾಲ್ದಿಗೆ ಚಿಟಿಕೆ ನೀಲಿ ಹಾಕುತ್ತಿದ್ದದ್ದು ನೆನಪಾಯಿತು.

ಒಂದೇ ಬೀದಿ, ಹಲವು ಹೆಸರು

ನನ್ನನ್ನು ನಿಲ್ಲಿಸಿದ್ದು ಮಾತ್ರ ಗೋಡೆಗಳಲ್ಲ, ಬೀದಿಯ ನಾಮಫಲಕಗಳು. ಅನೇಕ ಕಡೆ ಮಲಯ ಹೆಸರಿನ ಜೊತೆಗೆ ಇನ್ನೊಂದು ಹಲಗೆ: ಒಂದು ಬೀದಿಯಲ್ಲಿ ಚೀನೀ, ಮತ್ತೊಂದರಲ್ಲಿ ತಮಿಳು, ಇನ್ನೊಂದರಲ್ಲಿ ಅರಬ್ಬಿ. ಕಂಪೋಂಗ್ ಮಲಬಾರ್ ಎಂಬ ಬೀದಿಯೂ ಉಂಟು. ಮಲಯದಲ್ಲಿ ಕಂಪೋಂಗ್ ಎಂದರೆ ಹಳ್ಳಿ. ಅದೇ ಬೀದಿಗೆ ಚೀನೀಯರ ಬಾಯಲ್ಲಿ ‘ಜಪಾನ್ ಹೊಸರಸ್ತೆ’ ಎಂಬ ಹೆಸರು. ಒಬ್ಬರ ಹೆಸರು ಇನ್ನೊಬ್ಬರದನ್ನು ಅಳಿಸಿಲ್ಲ.

ತಮಿಳರ ಪೇಟೆಯಲ್ಲಿ ಚಹಾದಂಗಡಿ. ಯಜಮಾನರು ಎರಡು ಮಗ್ಗುಗಳ ನಡುವೆ ಚಹಾವನ್ನು ಮಾರುದ್ದ ಎಳೆದು ಹೊಯ್ಯುತ್ತ ತಮಿಳಿನಲ್ಲಿ ಕೇಳಿದರು, “ಯಾವೂರು ಸಾರ್?”

“ಕಾಸರಗೋಡು.”

“ಕೇರಳವಾ?”

“ಹೌದು... ಕೇರಳವೇ. ಆದ್ರೆ ನಾವು ಕನ್ನಡದವರು.”

“ಅಷ್ಟು ಹೇಳೋಕೆ ಇಷ್ಟು ಹೊತ್ತು ಬೇಕಾ?” ಅಂತ ನಕ್ಕರು. 1956ರಿಂದ ಹೇಳುತ್ತಲೇ ಇದ್ದೇವೆ, ಹೊತ್ತು ಹಿಡಿಯುತ್ತದೆ ಅಂದೆ. ನಿಮ್ಮೂರಿನ ಹಲಗೆಗಳನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ ಅಂತಲೂ ಹೇಳಿದೆ. ಅವರ ನಗು ನಿಂತಿತು.

“ಹಲಗೆ ಉಂಟು ಸಾರ್. ಓದುವ ನೆರೆಯವರು ಹೋದರಲ್ಲ!”

1966ರ ಬಾಡಿಗೆ ನಿಯಂತ್ರಣ ಕಾಯ್ದೆಯ ಆಸರೆಯಲ್ಲಿ ಬಡಕುಟುಂಬಗಳು ಇಲ್ಲಿ ಅಗ್ಗದಲ್ಲಿ ಬಾಳಿದವು. ಕಾಯ್ದೆ ರದ್ದಾಗಿ, 2000ದ ಜನವರಿಯಿಂದ ಬಾಡಿಗೆ ಏರಿತು. ಎಷ್ಟೋ ಜನ ಪೇಟೆ ಬಿಟ್ಟರು. 2008ರಲ್ಲಿ ಮಲಾಕಾ ಜೊತೆಗೆ ಯುನೆಸ್ಕೊ ವಿಶ್ವಪರಂಪರೆಯ ಪಟ್ಟ ಬಂತು. ಹಿಂದೆಯೇ ಪ್ರವಾಸಿಗರು, ಕೆಫೆಗಳು. “ನಮ್ಮ ಓಣಿಯಲ್ಲಿ ಈಗ ಮನೆಗಿಂತ ಲಾಡ್ಜೇ ಜಾಸ್ತಿ” ಅಂದರು.

ಆರ್ಮೇನಿಯನ್ ಬೀದಿಗೆ ಹೋದೆ. 2012ರಲ್ಲಿ ಅರ್ನೆಸ್ಟ್ ಝಕಾರೆವಿಚ್ ಎಂಬ ಕಲಾವಿದ ಅಲ್ಲಿನ ಗೋಡೆಗೆ ನಿಜವಾದ ಸೈಕಲ್ಲನ್ನೇ ಜೋಡಿಸಿ, ಅದರ ಮೇಲೆ ಇಬ್ಬರು ಮಕ್ಕಳನ್ನು ಬರೆದಿದ್ದಾನೆ. ಫೋಟೊಕ್ಕೆ ಸಾಲು ನಿಂತಿತ್ತು. ಅರ್ಧ ಗಂಟೆ ನಿಂತೆ. ಗೋಡೆಯ ಮಕ್ಕಳಲ್ಲದೆ, ಬೀದಿಯಲ್ಲಿ ಆಡುವ ಒಂದು ಮಗುವೂ ಕಣ್ಣಿಗೆ ಬೀಳಲಿಲ್ಲ.

ನಮ್ಮ ಗೇಟಿನ ಮುಂದೆ

ಅಲ್ಲಿ ಹಲಗೆ ಉಳಿದಿದೆ, ಜನ ಕರಗಿದ್ದಾರೆ. ಇಲ್ಲಿ ಜನ ಇದ್ದೇವೆ, ಹಲಗೆ ಕರಗುತ್ತಿದೆ. 2021ರಲ್ಲಿ ಕಾಸರಗೋಡಿನ ಊರಹೆಸರುಗಳನ್ನು ಮಲಯಾಳಕ್ಕೆ ತಿರುಗಿಸುತ್ತಾರೆಂಬ ಸುದ್ದಿ ಎದ್ದಾಗ ನಾನೂ ಸಿಟ್ಟಿನಿಂದ ಮಾತಾಡಿದವನೇ. ಸರಕಾರದ ಹೊಣೆ ಸರಕಾರಕ್ಕೆ ಇದ್ದೇ ಇದೆ, ಅದನ್ನು ಕೇಳುವುದನ್ನು ಬಿಡಬೇಕಾಗಿಲ್ಲ.

ಆದರೆ ವಿಮಾನ ಇಳಿದು ಮನೆಗೆ ಬಂದಾಗ ಕಂಡದ್ದೇನು? ಕಳೆದ ಸಲ ಬಣ್ಣ ಹೊಡೆಸುವಾಗ “ಎಂತ ಬರೀಲಿ?” ಅಂತ ಪೇಂಟರ್ ಕೇಳಿದ್ದ, “ಇಂಗ್ಲಿಷಲ್ಲಿ ಸಾಕು ಮಾರಾಯ” ಅಂದಿದ್ದೆ. ಅಪ್ಪ ಕನ್ನಡದಲ್ಲಿ ಬರೆಸಿದ್ದ ಮನೆಹೆಸರು ಹೋಗಿತ್ತು. ಅದನ್ನು ಅಳಿಸಿದ್ದು ತಿರುವನಂತಪುರವಲ್ಲ, ನಾನು.

ಪೇಂಟರ್‌ಗೆ ಫೋನ್ ಮಾಡಿದ್ದೇನೆ. ಸೋಮವಾರ ಬರುತ್ತಾನಂತೆ.